ಭಾಗವಾಗದ ಸಂಖ್ಯೆ

ಹೊಳೆದಂಡೆಯ ಬಸದಿಯ ಪಕ್ಕದಲ್ಲಿ ಗುರು ಪದುಮಯ್ಯನವರ ಗಣಿತಶಾಲೆ. ಸೇರಿದ ದಿನವೇ ಪ್ರತಿ ಶಿಷ್ಯನಿಗೂ ಒಂದು ದೊಡ್ಡ ಸಂಖ್ಯೆ ಕೊಡುವುದು ಅಲ್ಲಿಯ ಪದ್ಧತಿ. ಅದು ಯಾವ ಯಾವುದರಿಂದ ಭಾಗವಾಗುತ್ತದೆ, ಅದರ ಕುಲ ಯಾವುದು ಎಂದು ಹೇಳಿದವನು ಶಾಲೆ ಬಿಡಬಹುದು.

ಪಾಯಣ್ಣನಿಗೆ ಸಿಕ್ಕಿದ್ದು ಹತ್ತು ಲಕ್ಷದ ನಲವತ್ತು ಸಾವಿರದ ಮುನ್ನೂರ ತೊಂಬತ್ತೊಂಬತ್ತು.

ಅವನು ಹೊಳೆಯ ಪ್ರವಾಹದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡು ಬಂದವನು. ಬುದ್ಧಿಯೇನೋ ಚುರುಕು. ಮುಖ ಮಾತ್ರ ಸದಾ ಬಾಡಿದ್ದು.

ಒಂದು ಸಂಜೆ ಊಟದ ಗಂಟೆ ಹೊಡೆಯಿತು. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಉಣ್ಣುವುದಿಲ್ಲ. ಎಲ್ಲರೂ ಊಟಕ್ಕೆ ಹೋದರೆ ಈ ಮಹಾರಾಯ ಬಟ್ಟೆಗಂಟು ಹೊತ್ತು ಗುರುಗಳ ಮುಂದೆ ನಿಂತ.

"ಹೊರಟೆ ಅಯ್ಯಾ. ನನ್ನ ಸಂಖ್ಯೆ ಯಾವುದರಿಂದಲೂ ಭಾಗವಾಗೋದಿಲ್ಲ. ಅದು ಅವಿಭಾಜ್ಯ."

"ಎಲ್ಲಿಯವರೆಗೆ ಭಾಗಿಸಿ ನೋಡಿದೆ?"

"ಸಾವಿರದ ಹದಿಮೂರರವರೆಗೆ. ಆಮೇಲೆ ಸಾಕಾಯ್ತು. ಅದೂ ನನ್ನ ಹಾಗೇ ತಬ್ಬಲಿ, ಬಿಡಿ."

"ಊಟ ಮಾಡಿದೆಯಾ?"

"ನನಗಾಗಿ ಯಾರು ಕಾಯ್ತಾರೆ ಅಯ್ಯಾ?"

ಗುರುಗಳು ಮರಳಿನ ಮೇಲೆ ಕೂತು ಹೊಳೆಗಲ್ಲು ಜೋಡಿಸಿದರು. ಆರು ಸಾಲು, ಸಾಲಿಗೆ ಆರು. ಚೌಕ ತುಂಬಿತು. ಕೊನೆಯ ಸಾಲಿನ ತುದಿಯಿಂದ ಒಂದು ಕಲ್ಲು ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು.

"ಈಗ ಎಷ್ಟು?"

"ಮೂವತ್ತೈದು. ಚೌಕ ಕೆಟ್ಟಿತು."

ಆ ಸಾಲಿನಲ್ಲಿ ಉಳಿದಿದ್ದ ಐದು ಕಲ್ಲುಗಳನ್ನು ಗುರುಗಳು ಎತ್ತಿ, ಮೇಲಿನ ಐದು ಸಾಲುಗಳ ತುದಿಗೆ ಒಂದೊಂದಾಗಿ ಇಟ್ಟರು. ಐದು ಸಾಲು, ಸಾಲಿಗೆ ಏಳು. ಒಂದು ಕಲ್ಲೂ ಹೊರಗುಳಿಯಲಿಲ್ಲ.

"ನಿನ್ನ ಸಂಖ್ಯೆಗೆ ಒಂದು ಕೂಡಿಸು" ಎಂದರು.

ಪಾಯಣ್ಣ ಮರಳಿನಲ್ಲಿ ಬರೆದ. ಹತ್ತು ಲಕ್ಷದ ನಲವತ್ತು ಸಾವಿರದ ನಾನೂರು. ಸಾವಿರದ ಇಪ್ಪತ್ತನ್ನು ಅದರಿಂದಲೇ ಗುಣಿಸಿದರೆ ಬರುವ ಚೌಕ. ಹಾಗಾದರೆ ತನ್ನ ಸಂಖ್ಯೆ ಒಂದು ಕಲ್ಲು ತೆಗೆದ ಚೌಕ. ಸಾವಿರದ ಹತ್ತೊಂಬತ್ತು ಸಾಲು, ಸಾಲಿಗೆ ಸಾವಿರದ ಇಪ್ಪತ್ತೊಂದು.

ಅವನ ಬೆರಳು ಅಲ್ಲೇ ನಿಂತಿತು. ಸಾವಿರದ ಹದಿಮೂರು ಆದ ಮೇಲೆ ಭಾಗಿಸಿ ನೋಡಬೇಕಾಗಿದ್ದ ಅವಿಭಾಜ್ಯ ಇನ್ನೊಂದೇ ಒಂದು. ಅದೇ ಸಾವಿರದ ಹತ್ತೊಂಬತ್ತು.

"ಇಷ್ಟು ಹತ್ತಿರ ಇತ್ತಲ್ಲ ಅಯ್ಯಾ. ಇದಕ್ಕೆ ಯಾರೂ ಇಲ್ಲ ಅಂದುಬಿಟ್ಟೆ."

"ಹೂಂ. ಅಂದೆ."

ಪಾಯಣ್ಣನ ಕಣ್ಣು ತುಂಬಿತು. ಇಷ್ಟು ವರ್ಷ ತನ್ನನ್ನು ಸಾಕಿದ ಈ ಮುದುಕರ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿ ಬಂತು. ಕಾಲಿಗೆ ಬಿದ್ದ.

"ನಿಮ್ಮ ಉಪಕಾರ ಹೇಗೆ ತೀರಿಸಲಿ?"

ಗುರುಗಳು ಅವನನ್ನು ಎಬ್ಬಿಸಿದರು. ಕೈಯಲ್ಲಿದ್ದ ಕಲ್ಲನ್ನು ಅವನ ಅಂಗೈಯಲ್ಲಿಟ್ಟು, ಹೊಳೆಯಾಚೆ ಇಳಿಯುತ್ತಿದ್ದ ಸೂರ್ಯನನ್ನು ನೋಡಿದರು.

"ಗಂಟು ಇಲ್ಲೇ ಇರಲಿ, ಬೇಗ ಅಡುಗೆಮನೆಗೆ ನಡಿ. ನೀನು ಬಂದಾಗಿನಿಂದ ಅಡುಗೆಯ ಚಂದಕ್ಕ ನಿನಗೆ ಬಡಿಸದೆ ಒಂದು ದಿನವೂ ಉಂಡಿಲ್ಲ. ಹೊತ್ತು ಮುಳುಗಿದರೆ ಇವತ್ತು ಅವಳಿಗೂ ಉಪವಾಸ."