ಕಾಲೊರಸಿನ ಉಪದೇಶ

ನಾನು ಸರ್ವಮಂಗಳಮ್ಮನವರ ಬಾಗಿಲ ಒಳಗಡೆ ಬಿದ್ದಿರುವ ಕಾಲೊರಸು. ಅವರ ಹೊಸ ನಾಯಿಮರಿ ದಿನಾ ಬೀದಿ ಸುತ್ತಿ ಬಂದು, ನಡುಮನೆಯಲ್ಲಿ ಉಚ್ಚೆ ಹೊಯ್ಯುತ್ತಿತ್ತು. ಒಂದು ಬೆಳಿಗ್ಗೆ ತಡೆದು ಗದರಿಸಿದೆ: "ನಾಚಿಕೆಯಾಗಲ್ವೇನೋ? ಮನೆಗೆ ಮರ್ಯಾದೆ ಅಂತ ಒಂದಿದೆ."

"ಏನು ಮಾಡಲಿ ಸ್ವಾಮಿ," ಎಂದಿತು ಮರಿ. "ಹೊರಗೆ ಹೊಯ್ದ ತಕ್ಷಣ ಅಮ್ಮ 'ಜಾಣಮರಿ' ಎಂದು ಹೊಗಳಿ ಮನೆಗೆ ಎಳೆದು ತರುತ್ತಾರೆ. ತಡೆದುಕೊಂಡರೆ ಇನ್ನೂ ಎರಡು ಬೀದಿ ಸುತ್ತಿಸುತ್ತಾರೆ."

"ಬೀದಿಯಲ್ಲಿ ಅಂಥದ್ದೇನಿದೆಯೋ!" ಎಂದು ಮೂಗು ಮುರಿದೆ.

ಅಷ್ಟರಲ್ಲಿ ಮರಿಗೆ ತಡೆಯಲಾಗಲಿಲ್ಲ. ನನ್ನ ಮೇಲೆಯೇ ಹೊಯ್ದಿತು. ಅಮ್ಮ ಗೊಣಗುತ್ತ ನನ್ನನ್ನು ಒಗೆದು ಕಾಂಪೌಂಡ್ ಗೋಡೆಯ ಮೇಲೆ ಹರವಿದರು. ಮೊದಲ ಸಲ ಬೀದಿ ಕಂಡೆ: ಸೊಪ್ಪಿನ ಗಾಡಿ, ಜಗಳವಾಡುವ ಕಾಗೆಗಳು, ಬಿಸಿಲು.

ಈಗ ಮರಿ ಒಳಗೆ ಬಂದರೆ ಮರ್ಯಾದೆಯ ಮಾತೆತ್ತುವುದಿಲ್ಲ. "ಏನಪ್ಪಾ, ಹೊರಗೇ ಮುಗಿಸಿಬಿಟ್ಟೆಯಾ?" ಎಂದು ಕಳವಳದಿಂದ ಕೇಳುತ್ತೇನೆ.