ಹಿರೇ ಕೈಯ ಭಿಕ್ಷೆ

ಪೂಜ್ಯ ಕರಿಸಂಗಜ್ಜನವರು ಬಾಳಿದ್ದು ಬಿಳಿಗುಡ್ಡ ಎಂಬ ಊರಿನಾಚೆ, ಹುಲ್ಲು ಹೊದಿಸಿದ ಒಂದೇ ಕೋಣೆಯಲ್ಲಿ. ನಾವು ಅದಕ್ಕೆ ಮಠ ಎನ್ನುತ್ತಿದ್ದೆವು. ಅವರು ನೆರಳು ಎನ್ನುತ್ತಿದ್ದರು. ಮೈಮೇಲೊಂದು ಕರಿ ಕಂಬಳಿ, ಹೆಗಲಿಗೊಂದು ಜೋಳಿಗೆ. ದಿನಕ್ಕೆ ಐದು ಮನೆಯ ಹಿಟ್ಟು ಬೇಡಿ ತಂದು, ತಾವೇ ರೊಟ್ಟಿ ತಟ್ಟಿ, ಬಾಗಿಲಿಗೆ ಬಂದವರಿಗೆ ಮೊದಲು ಕೊಟ್ಟು, ಉಳಿದರೆ ತಾವು ಪ್ರಸಾದವೆಂದು ಸ್ವೀಕರಿಸುತ್ತಿದ್ದರು.

ಅವರ ಮಹಿಮೆ ಹೇಳುವವರು ಬಹಳ ಮಂದಿ. ಈ ಪ್ರಸಂಗವನ್ನು ಹತ್ತಿರ ನಿಂತು ಕಂಡವನು ಮಾತ್ರ ನಾನು, ಕಂಬಳಿ ಓಣಿಯ ಮಾಳಪ್ಪ. ನನ್ನ ಹೆಸರು ನೀವು ಕೇಳಿರಲೇಬೇಕು. ನಾನು ನೇಯ್ದ ಕಂಬಳಿ ಹೊದ್ದವನ ಮೇಲೆ ಮಳೆರಾಯ ನನ್ನ ಅಪ್ಪಣೆ ಪಡೆದೇ ಬೀಳುತ್ತಿದ್ದ. ಗುಡ್ಡದ ಚಿರತೆಯ ಕಿವಿ ಹಿಡಿದು ಊರ ಅಗಸಿ ಬಾಗಿಲವರೆಗೆ ಎಳೆತಂದವನೂ ನಾನೇ. ಆ ಕಾಲಕ್ಕೆ ಇಂಥ ಕಥೆಗಳನ್ನು ಸಾವಿರ ಸಲ ಹೇಳುತ್ತಿದ್ದೆ. ಕೇಳುವವರು ಹೊಸಬರಾದರೆ ಚಿರತೆ ಎರಡಾದದ್ದೂ ಉಂಟು.

ಇಂಥ ಧೀರನ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಅದರಾಚೆ ಏನು ನಡೆಯುತ್ತಿತ್ತೆಂಬುದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ಆಚೆಮನೆ ಹಾಲಪ್ಪನದು. ಹೆಂಡತಿ ತೀರಿಕೊಂಡ ಮೇಲೆ ಅವನೂ ಅವನ ತಾಯಿ ಗಿರೆವ್ವನೂ ಇಬ್ಬರೇ ಉಳಿದಿದ್ದರು. ಒಂದು ಕಾಲಕ್ಕೆ ಗಿರೆವ್ವನಷ್ಟು ಸಣ್ಣ ನೂಲು ತೆಗೆಯುವವರು ಓಣಿಯಲ್ಲೇ ಇರಲಿಲ್ಲ. ಎಂಬತ್ತು ದಾಟಿದ ಮೇಲೆ ಬುದ್ಧಿಗೆ ಮಂಜು ಕವಿಯಿತು. ಮಗ ಮಗ್ಗದಿಂದೆದ್ದು ಊರೊಳಗೆ ಹೋಗಿಬರುವಷ್ಟರಲ್ಲಿ ನೇಯ್ದದ್ದನ್ನು ಬಿಚ್ಚಿ, ನೂಲನ್ನು ಉಂಡೆ ಸುತ್ತಿ, ಮಡಿಲಲ್ಲಿಟ್ಟುಕೊಂಡು ನಗುತ್ತ ಕೂತಿರುತ್ತಿದ್ದಳು. ಹಾಲಪ್ಪ ಮೊದಮೊದಲು ಬೈದ. ಆಮೇಲೆ ಕೈ ಎತ್ತಿದ. ಕೊನೆಗೆ ಉಣ್ಣೆ ಬಡಿಯುವ ಕೋಲನ್ನೇ ಎತ್ತಿದ.

ನಮ್ಮ ಓಣಿಯಲ್ಲಿ ಬಡಿಯುವ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ. ಬೆಳಗಾದರೆ ಮನೆಮನೆಯಲ್ಲೂ ಉಣ್ಣೆ ಬಡಿದು ಧೂಳು ಬಿಡಿಸುತ್ತಾರೆ. ಆದರೆ ಬಿಸಿಲೇರಿದ ಮೇಲೆ ಯಾರೂ ಬಡಿಯುವುದಿಲ್ಲ. ಆಗ ಎಲ್ಲರೂ ಮಗ್ಗದ ಕುಣಿಯಲ್ಲಿರುತ್ತಾರೆ. ಇದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನಡುಮಧ್ಯಾಹ್ನ ಗೋಡೆಯಾಚೆ ಆ ಸದ್ದು ಎದ್ದಾಗ ನಾನು ರೇಡಿಯೋ ಜೋರು ಮಾಡುತ್ತಿದ್ದೆ. ಚಿರತೆಯ ಕಿವಿ ಹಿಡಿದ ಕೈ ರೇಡಿಯೋದ ಕಿವಿ ಹಿಂಡುತ್ತಿತ್ತು.

ಒಂದು ದಿನ ಅಜ್ಜನವರು ಭಿಕ್ಷೆಗೆ ಬರುವುದು ತಡವಾಯಿತು. ನಾನು ಜೋಳಿಗೆಗೆ ಹಿಟ್ಟು ಸುರಿಯುತ್ತ ಚಿರತೆಯ ಕಥೆ ತೆಗೆದಿದ್ದೆ. ಆಚೆ ಸದ್ದು ಶುರುವಾಯಿತು.

“ಏನಪಾ ಅದು ಸಪ್ಪಳಾ?” ಎಂದರು.

“ಉಣ್ಣಿ ಬಡಿಯಾಕತ್ತಾರ್ರೀ ಅಜ್ಜಾರ.”

ಮತ್ತೊಂದು ಏಟು ಬಿತ್ತು. ಅದರ ಬೆನ್ನಿಗೇ ಒಂದು ಸಣ್ಣ ದನಿ: “ಯವ್ವಾ...”

ಅಜ್ಜನವರು ನನ್ನ ಮುಖವನ್ನೇ ನೋಡಿದರು. “ಉಣ್ಣಿ ಯವ್ವಾ ಅಂತೈತೇನೋ, ಮಾಳಪ್ಪಾ?”

ನಾನು ಜೋಳಿಗೆಗೆ ಇನ್ನೊಂದು ಬೊಗಸೆ ಹಿಟ್ಟು ಸುರಿದೆ.

ಅಜ್ಜನವರು ಪಕ್ಕದ ಬಾಗಿಲಿಗೆ ಹೋಗಿ ನಿಂತರು. ಹಾಲಪ್ಪ ಮೈಯೆಲ್ಲ ಬೆವರಾಗಿ, ಮೊರದಲ್ಲಿ ಹಿಟ್ಟು ಹಿಡಿದು ಓಡಿಬಂದ. ಅಜ್ಜನವರು ಜೋಳಿಗೆಯ ಬಾಯಿ ಮುಚ್ಚಿಕೊಂಡರು.

“ಮನಿ ಹಿರೇ ಕೈಲೆ ಹಾಕಸಪಾ, ನಿಮ್ಮವ್ವನ ಕೈಲೆ.”

“ಆಕೀಗೆ ಆರಾಮಿಲ್ರೀ ಅಜ್ಜಾರ. ಮಲಗ್ಯಾಳ.”

“ಏಳೂಮಟಾ ನಿಂದರ್ತೀನಿ.”

ನಿಂತರು. ಬರಿಗಾಲು, ಕೆಂಡದಂಥ ನೆಲ. ಮಗ್ಗಗಳು ಒಂದೊಂದಾಗಿ ನಿಂತವು, ಓಣಿಯೆಲ್ಲ ಬಾಗಿಲಿಗೆ ಬಂತು. ಭಿಕ್ಷೆಗೆ ಬಂದವರನ್ನು ಬರಿಜೋಳಿಗೆಯಲ್ಲಿ ಕಳಿಸಿದ ಮನೆ ಎಂಬ ಮಾತು ನಮ್ಮಲ್ಲಿ ಸಾವಿಗಿಂತ ಕೆಟ್ಟದ್ದು. ಹಾಲಪ್ಪ ಒಳಗೆ ಹೋದ, ತಾಯಿಯನ್ನು ಕರೆತಂದ.

ಗಿರೆವ್ವ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಎಡಗೈಯಲ್ಲಿ ಮೊರ ಹಿಡಿದಿದ್ದಳು. ಅಜ್ಜನವರು ಮೆಲ್ಲಗೆ ಸೆರಗು ಸರಿಸಿ ನೋಡಿದರು. ಮಣಿಕಟ್ಟು ಬದನೆಕಾಯಿಯಂತೆ ಊದಿ ಕಪ್ಪಿಟ್ಟಿತ್ತು.

“ಯಾರಪಾ ನೀ?” ಎಂದಳು ಮುದುಕಿ.

“ನಿನ್ನ ಮಗಾ ಅದೀನಿ, ಯವ್ವಾ.”

ಮಗ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಗಿರೆವ್ವ ಮೊರ ಬಿಟ್ಟು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಹೊಸ್ತಿಲ ಮೇಲೆ ಮುದುಡಿ ಕುಸಿದಳು. ಹಿಟ್ಟೆಲ್ಲ ನೆಲದ ಪಾಲಾಯಿತು.

ಅಜ್ಜನವರು ಆ ಹಿಟ್ಟಿನ ಮೇಲೆಯೇ ಅವಳೆದುರು ಕೂತುಬಿಟ್ಟರು. ಅವರ ಕಣ್ಣಲ್ಲಿ ನೀರು ಕಂಡದ್ದು ನಾವು ಅಂದೇ. ಅವಳ ಕೈಗಳು ತಾವಾಗಿ ತಲೆಯಿಂದ ಇಳಿಯುವವರೆಗೂ ಅವರು ಅಲುಗಲಿಲ್ಲ.

ಹಾಲಪ್ಪ ಅವರ ಪಾದದ ಮೇಲೆ ಬಿದ್ದ. “ಶಾಪಾ ಕೊಡ್ರೀ ಅಜ್ಜಾರ, ನಾ ಸುಟ್ಟು ಬೂದಿ ಆಗ್ಲಿ.”

“ನೀ ಬೂದಿ ಆದ್ರ ಆಕಿ ಕೈ ನೆಟ್ಟಗಾಗತೈತೇನು? ನಿನ್ನ ಕೈಲೆ ಆಗಲಿಲ್ಲಂದ್ರ ಓಣಿ ಕರೀಬೇಕಿತ್ತು.” ಆಮೇಲೆ ನನ್ನ ಕಡೆ ತಿರುಗಿದರು. “ಅವ ಕರೀಲಿಲ್ಲ. ಆಕಿ ಕರದಳಲ್ಲೋ, ಮಾಳಪ್ಪಾ.”

ಗೋಡೆ ಬಿದ್ದದ್ದು ಆಗ. ಮಣ್ಣಿನದಲ್ಲ.

ಗಿರೆವ್ವನನ್ನು ಚಕ್ಕಡಿಯಲ್ಲಿ ಆಸ್ಪತ್ರೆಗೆ ಒಯ್ಯಲು ಅಜ್ಜನವರು ನನಗೇ ಹೇಳಿದರು. ಹಾಲಪ್ಪನೂ ಬಂದ. ಎಲುಬು ಮುರಿದದ್ದು ಹೇಗೆಂದು ಡಾಕ್ಟರು ಕೇಳಿದಾಗ ಅವನ ಬಾಯಿಂದ “ಬಿದ್ದಾಳ್ರೀ” ಎಂಬ ಮಾತು ಅರ್ಧ ಹೊರಬಂತು. “ಬಿದ್ದಿಲ್ರೀ, ಬಡದಾನ. ಮೂರು ತಿಂಗಳಿಂದ ನಡದೈತಿ. ನಾ ಕೇಳಿದ್ದೆ” ಎಂದೆ ನಾನು. ಇಷ್ಟು ಕಥೆ ಕಟ್ಟಿದ ನಾಲಿಗೆಗೆ ಆ ಮೂರು ಮಾತು ಕಲ್ಲು ಹೊತ್ತಷ್ಟು ಭಾರವಾಯಿತು. ಡಾಕ್ಟರು ಎಲ್ಲ ಬರೆದುಕೊಂಡರು. ಹಾಲಪ್ಪ ಪೊಲೀಸರೆದುರೂ ನಿಲ್ಲಬೇಕಾಯಿತು. ಅಜ್ಜನವರು ಬಿಡಿಸಲು ಹೋಗಲಿಲ್ಲ.

ಗಿರೆವ್ವ ಮತ್ತೆ ಆ ಮನೆಗೆ ಹೋಗಲಿಲ್ಲ. ಮಠದಲ್ಲೇ ಇದ್ದಳು, ಓಣಿಯ ಹೆಂಗಸರು ಸರದಿಯ ಮೇಲೆ ನೋಡಿಕೊಂಡರು. ಬಿಚ್ಚುವ ಚಟ ಹೋಗಲಿಲ್ಲ. ಅಜ್ಜನವರು ತಮ್ಮ ಕರಿ ಕಂಬಳಿಯನ್ನೇ ಅವಳ ಮಡಿಲಿಗಿಟ್ಟು “ಬಿಚ್ಚು, ಯವ್ವಾ” ಎಂದಿದ್ದರು. ಆ ಚಳಿಗಾಲ ಅವರ ಮೈಮೇಲಿದ್ದದ್ದು ಅರ್ಧ ಕಂಬಳಿ. ನಾನು ಹೊಸದು ಒಯ್ದರೆ, “ಮುದಿ ಕೈಗೆ ಕೆಲಸ ಬೇಕಲ್ಲೋ” ಎಂದು ಅದನ್ನೂ ಅವಳಿಗೇ ಕೊಟ್ಟರು. ಹಾಲಪ್ಪ ದಿನವೂ ಬಂದು, ಎಲ್ಲರೆದುರು, ದೂರ ಕೂತು, ಅವಳು ಸುತ್ತಿದ ಉಂಡೆಗಳನ್ನು ಆರಿಸಿಡುತ್ತಿದ್ದ. ಅವಳು ಅವನನ್ನು ಗುರುತಿಸಲಿಲ್ಲ. ಕೊನೆಯವರೆಗೂ, ಯಾರಾದರೂ ಥಟ್ಟನೆ ಎದ್ದರೆ ಅವಳ ಕೈ ತಲೆಗೆ ಹೋಗುತ್ತಿತ್ತು. ಎರಡು ವರ್ಷಕ್ಕೆ ಅಜ್ಜನವರ ಕೈಯಿಂದ ನೀರು ಕುಡಿದು ಕಣ್ಣು ಮುಚ್ಚಿದಳು.

ಅಂದಿನಿಂದ ಅಜ್ಜನವರು ಮನೆಯ ಹಿರೇ ಕೈಯಿಂದಲ್ಲದೆ ಭಿಕ್ಷೆ ಸ್ವೀಕರಿಸಲಿಲ್ಲ. ಹಾಸಿಗೆ ಹಿಡಿದವರಿದ್ದರೆ ತಾವೇ ಒಳಗೆ ಹೋಗಿ ಬೇಡುತ್ತಿದ್ದರು. ಓಣಿಯ ಒಂದು ಮುದಿ ಜೀವವೂ ಅವರ ಕಣ್ಣು ತಪ್ಪಲಿಲ್ಲ.

ಅವರು ಲಿಂಗೈಕ್ಯರಾಗಿ ಇಪ್ಪತ್ತು ವರ್ಷವಾಯಿತು. ಈಗ ಅವರ ಶಿಷ್ಯರು ಜೋಳಿಗೆ ಹಿಡಿದು ಬರುತ್ತಾರೆ. ನನ್ನ ಮನೆಯ ಹಿರೇ ಕೈ ಈಗ ನನ್ನದು. ಸೊಸೆ ಬಂಗಾರದಂಥವಳು, ಮೊರದಲ್ಲಿ ಹಿಟ್ಟು ತುಂಬಿ ಕೈಗೆ ಕೊಡುತ್ತಾಳೆ. ಶಿಷ್ಯರು ಮೊದಲು ನನ್ನ ಮಣಿಕಟ್ಟು ನೋಡುತ್ತಾರೆ, ಆಮೇಲೆ ಹಿಟ್ಟು. ಆಗೆಲ್ಲ ಗೋಡೆಯಾಚೆಯ ಆ “ಯವ್ವಾ” ಕೇಳಿಸಿ ಕೈಯಲ್ಲಿನ ಮೊರ ನಡುಗುತ್ತದೆ.

“ಮಾವಾ, ನಿಮಗೀಗ ವಯಸ್ಸಾತ್ರೀ” ಎನ್ನುತ್ತಾಳೆ ಸೊಸೆ.

ಹೌದವ್ವಾ ಎನ್ನುತ್ತೇನೆ. ಚಿರತೆಯನ್ನು ಎಂದೋ ಬಿಟ್ಟುಕೊಟ್ಟೆ. ನನ್ನ ಬಳಿ ಉಳಿದಿರುವ ಸುಳ್ಳು ಆ “ಹೌದವ್ವಾ” ಒಂದೇ.