ಗಾಯದ ಅಕ್ಷರಗಳು

"ನಮ್ಮ ಮೂರು ಒಗಟು ಬಿಡಿಸಿದವನು ಏನು ಕೇಳಿದರೂ ಕೊಡುತ್ತೇವೆ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ."

ದೊರೆ ರಣಗೊಂಡನ ಈ ಡಂಗುರ ಕೋಟೆಗೋಡೆಗೆ ಇಳಿಬಿಟ್ಟ ಬಟ್ಟೆಯ ಮೇಲೆ ಅಚ್ಚಾಗಿತ್ತು. ಅಕ್ಷರಗಳೋ, ಒಂದೊಂದೂ ಮೊಳದುದ್ದ, ತೊಲೆಯಂಥ ದಪ್ಪ. ಅಲ್ಲಲ್ಲಿ ಚಕ್ಕೆ ಎದ್ದು, ಬಿರುಕು ಬಿಟ್ಟು, ಕತ್ತಿಯೇಟು ತಿಂದ ಹಾಗಿದ್ದವು. ಇವು ನಮ್ಮ ಮುತ್ತಜ್ಜನ ಕಾಲದ ಅಚ್ಚು, ಏಳು ಯುದ್ಧ ಕಂಡವು ಎಂದು ದೊರೆ ಸಾರಿಸಿದ್ದ. ಮೊನ್ನೆ ಮೊನ್ನೆ ಸಿಂಹಾಸನ ಕಿತ್ತುಕೊಂಡವನಿಗೆ ಎಲ್ಲಿಯ ಮುತ್ತಜ್ಜ! ಆದರೂ ಆ ಅಕ್ಷರ ನೋಡಿ ಜನ ನಂಬಿದರು, ಹೆದರಿದರು.

ಆ ಗೋಡೆಯೆದುರೇ ಸೇರಿದ ಸಭೆಗೆ ಇಬ್ಬರು ರಾಜಕುಮಾರರು ಬಂದರು. ಬಾಯಿಲ್ಲದೆ ಕೂಗುತ್ತದೆ, ಕಿವುಡನಿಗೂ ಮುಟ್ಟುತ್ತದೆ, ಯಾವುದು ಎಂದು ದೊರೆ ಕೇಳಿದ. ನಗಾರಿ ಎಂದ ಮೊದಲನೆಯವನ ತಲೆ ಹೋಯಿತು. ಎರಡನೆಯವನು ದಪ್ಪಕ್ಷರ ಎಂದು ಗೆದ್ದ. ಮನೆಯಲ್ಲಿ ತಿರುಗಿಕೊಂಡಿರುತ್ತದೆ, ಹೊರಗೆ ಬಂದರೆ ನೆಟ್ಟಗಾಗುತ್ತದೆ, ಅದು ಯಾವುದು ಎಂದು ದೊರೆ ಎರಡನೆಯದು ಕೇಳಿದ. ಸೊಸೆ ಎಂದ ಪುಣ್ಯಾತ್ಮ. ಸಭೆಯೆಲ್ಲ ನಕ್ಕಿತು, ದೊರೆಯೂ ನಕ್ಕ, ಆಮೇಲೆ ಅವನ ತಲೆಯನ್ನೂ ತೆಗೆಸಿದ.

ಆಗ ಬಣ್ಣದ ಕೈಯಲ್ಲೇ ಎದ್ದು ಬಂದವನು ಮಾಳ, ಬಟ್ಟೆಗೆ ಬಣ್ಣ ಹಾಕಿ ಬದುಕುವವನು. ಅವನ ಅಣ್ಣ ಬೊಮ್ಮಣ್ಣ ಅಚ್ಚು ಕೆತ್ತುವವನು. ಹೋದ ವರ್ಷ ಕರೆದೊಯ್ದ ಅರಮನೆಯವರು ಅವನನ್ನು ವಾಪಸು ಕಳಿಸಿರಲಿಲ್ಲ. ಮಾಳನಿಗೆ ಬೇಕಿದ್ದದ್ದು ಅಣ್ಣ ಒಬ್ಬನೇ.

ಮೊದಲನೆಯದು ದಪ್ಪಕ್ಷರ, ಎರಡನೆಯದು ಮರದ ಅಚ್ಚು, ಅಚ್ಚಿನಲ್ಲಿ ಅಕ್ಷರ ತಿರುಗುಮುರುಗು, ಬಟ್ಟೆಗೆ ಬಂದರೆ ನೆಟ್ಟಗೆ ಎಂದ ಮಾಳ. ದೊರೆ ಮೂರನೆಯದು ಕೇಳಿದ.

"ಆ ಅಚ್ಚಿನ ಮೈತುಂಬ ಗಾಯ. ಗಾಯ ಮಾಡಿದವರು ಯಾರು?"

ಶತ್ರುಗಳು ಎಂದರೆ ಸಾಕಿತ್ತು, ದೊರೆಗೆ ಬೇಕಾದದ್ದೂ ಅದೇ. ಆದರೆ ಹಾಗೆಂದುಬಿಟ್ಟರೆ ಮುಂದೆ ಅಣ್ಣನನ್ನು ಕೇಳಿದಾಗ, ಅಚ್ಚು ಹಳೆಯದು, ಕೆತ್ತಿದವನು ಇಲ್ಲಿ ಇಲ್ಲವೇ ಇಲ್ಲ ಎಂದು ದೊರೆ ಕೈ ತೊಳೆದುಕೊಳ್ಳುತ್ತಿದ್ದ. ಮಾಳ ಒಂದು ಹೆಜ್ಜೆ ಮುಂದಿಟ್ಟ.

"ನನ್ನ ಅಣ್ಣ ಬೊಮ್ಮಣ್ಣ, ಮಹಾಸ್ವಾಮಿ. ಅವನನ್ನು ಕರೆದೊಯ್ಯುವ ಮುಂಚೆ, ಹೊಸ ಅಚ್ಚು ಹಳೆಯದಾಗಿ ಕಾಣಲೆಂದು ಅವನು ಉಳಿಯಿಂದ ಚಕ್ಕೆ ಎಬ್ಬಿಸುವಾಗ ಹಲಗೆ ಹಿಡಿದುಕೊಂಡವನು ನಾನೇ. ಸುಳ್ಳಾದರೆ ಅವನನ್ನು ಕರೆಸಿ, ಒಂದು ಹಲಗೆ ಕೊಡಿ. ಇದೇ ಗಾಯವನ್ನು ಎಲ್ಲರೆದುರು ಮಾಡಿ ತೋರಿಸುತ್ತಾನೆ."

ಕೆತ್ತಿ ತೋರಿಸಲಿ ಎಂದು ದೊರೆ ತಣ್ಣಗೆ ಅಪ್ಪಣೆ ಕೊಟ್ಟ. ಸೆರೆಮನೆಯಿಂದ ಬೊಮ್ಮಣ್ಣನನ್ನು ತಂದು ನಿಲ್ಲಿಸಿ ಮುಂದೆ ಹಲಗೆ ಇಟ್ಟರು, ಉಳಿ ಇಟ್ಟರು. ಅವನು ಉಳಿ ಎತ್ತಿಕೊಳ್ಳಲಿಲ್ಲ. ಅವನ ಬಲಗೈಯಲ್ಲಿ ಬೆರಳುಗಳೇ ಇರಲಿಲ್ಲ.

ಅಯ್ಯೋ, ಮಾಳ ಓಡಿ ಹೋಗಿ ಆ ಕೈ ಹಿಡಿದುಕೊಂಡ. ತನ್ನ ಕತೆಯೂ ಮುಗಿಯಿತು ಎಂದುಕೊಂಡ. ಆದರೆ ಸೇನಾಪತಿ ಆ ಕೈಯನ್ನು ನೋಡಿದ, ಗೋಡೆಯ ಬಟ್ಟೆಯನ್ನು ನೋಡಿದ.

"ಏಳು ಯುದ್ಧ ಕಂಡ ಅಚ್ಚಾದರೆ, ಇವನ ಬೆರಳು ಯಾಕೆ ಕತ್ತರಿಸಿದಿರಿ ಪ್ರಭು?"

ಸೈನಿಕರು ಒಬ್ಬೊಬ್ಬರಾಗಿ ತಲೆಯೆತ್ತಿ ದೊರೆಯನ್ನೇ ದಿಟ್ಟಿಸಿದರು. ಉತ್ತರ ಸರಿ, ಬೇಕಾದ್ದು ಕೇಳು ಎಂದು ಕೊನೆಗೆ ದೊರೆ ಮಾಳನಿಗೆ ಮೆಲ್ಲಗೆ ಹೇಳಿದ. ಮಾಳ ಅಣ್ಣನನ್ನೂ ಅಚ್ಚುಗಳ ಪೆಟ್ಟಿಗೆಯನ್ನೂ ಕೇಳಿ ಪಡೆದ.

ಮನೆಗೆ ಬಂದು ಆ ಅಚ್ಚುಗಳನ್ನೇ ಉರಿಸಿ ಹಂಡೆಯಲ್ಲಿ ನೀರು ಕಾಯಿಸಿದರು. ಬೊಮ್ಮಣ್ಣ ಬಚ್ಚಲಲ್ಲಿ ಕೂತ. ಅಭ್ಯಾಸಬಲದಿಂದ ಬಲಗೈಯನ್ನೇ ಚೊಂಬಿಗೆ ಚಾಚಿದ, ಆಮೇಲೆ ಹಿಂದಕ್ಕೆ ತೆಗೆದುಕೊಂಡ. ತಮ್ಮನೇ ಅವನ ತಲೆಗೆ ನೀರು ಹೊಯ್ದ.